ಡಿಸ್ನಿ ಪ್ರವಾಸದಲ್ಲಿ ದೊಡ್ಡ ಹೋಟೆಲಿನ ಊಟಕ್ಕೆ ಏನು ಉಡುವುದು? ಅಪ್ಪಯ್ಯನ ಪಂಚೆ ನಡೆಯುತ್ತದಾ?

ತೋಟದಮನೆ (ಶಿರಸಿ) · ಏಪ್ರಿಲ್ 2, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ತಲೆಬಿಸಿ ಆಗಿದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ತಮ್ಮ ಅಟ್ಲಾಂಟಾದಲ್ಲಿದ್ದಾನೆ. ಮೇ ಕೊನೆಗೆ ಅಪ್ಪಯ್ಯ, ಆಯಿ, ನಾನು, ನಮ್ಮನೆಯವರು, ಒಂಬತ್ತು ವರ್ಷದ ಮಗಳು ಎಲ್ಲ ಅಲ್ಲಿಗೆ ಹೋಗುತ್ತಿದ್ದೇವೆ. ಅದರಲ್ಲಿ ಐದು ದಿನ ಫ್ಲೋರಿಡಾದ ಒರ್ಲಾಂಡೊ, ಡಿಸ್ನಿ ವರ್ಲ್ಡ್. ಅಪ್ಪಯ್ಯ-ಆಯಿಯ ಮದುವೆಯಾಗಿ ಈ ವರ್ಷಕ್ಕೆ 50 ವರ್ಷ. ಅದಕ್ಕೇ ತಮ್ಮ ಅಲ್ಲಿನ ಕ್ಯಾಲಿಫೋರ್ನಿಯಾ ಗ್ರಿಲ್ ಅನ್ನುವ ರೆಸ್ಟೋರೆಂಟಿನಲ್ಲಿ ರಾತ್ರಿ ಊಟಕ್ಕೆ ಟೇಬಲ್ ಹಿಡಿದಿದ್ದಾನೆ. 60 ದಿನ ಮೊದಲು ಬುಕಿಂಗ್ ಶುರುವಾಗುತ್ತದಂತೆ. ಬೆಳಗಿನ ಜಾವ ಎದ್ದು ಕೂತಿದ್ದನಂತೆ ಪಾಪ.

ಈಗ ತೊಂದರೆ ಏನೆಂದರೆ ತಮ್ಮನ ಹೆಂಡತಿ ಮೆಸೇಜ್ ಹಾಕಿದ್ದಾಳೆ, 'ಅಕ್ಕ, ಅಲ್ಲಿ ಡ್ರೆಸ್ ಕೋಡ್ ಇದೆ, ಮಾವನಿಗೆ ಒಂದು ಪ್ಯಾಂಟ್ ಹೊಲಿಸಿ' ಅಂತ. ಅಪ್ಪಯ್ಯನಿಗೆ 76. ನಾನು ಹುಟ್ಟಿದಾಗಿನಿಂದ ಅವರನ್ನು ಪ್ಯಾಂಟಿನಲ್ಲಿ ನೋಡಿದ್ದೇ ಇಲ್ಲ. ತೋಟಕ್ಕೆ ಲುಂಗಿ, ಪೇಟೆಗೆ ಪಂಚೆ, ಮದುವೆಮನೆಗೆ ಅಂಚಿನ ಪಂಚೆ. ಪ್ಯಾಂಟ್ ಅಂದ ಕೂಡಲೇ 'ಹಾಗಾದರೆ ನಾನು ರೂಮಿನಲ್ಲೇ ಅವಲಕ್ಕಿ ತಿನ್ನುತ್ತೇನೆ, ನೀವು ಹೋಗಿ ಬನ್ನಿ' ಅಂದುಬಿಟ್ಟರು.

ಆಯಿಗೆ ಸೀರೆ ಬಿಟ್ಟು ಬೇರೆ ಗೊತ್ತಿಲ್ಲ. ಇಡೀ ದಿನ ಪಾರ್ಕಿನಲ್ಲಿ ತಿರುಗಿ ಅದೇ ಸೀರೆಯಲ್ಲಿ ಊಟಕ್ಕೆ ಹೋಗುವುದಾ, ಬದಲಾಯಿಸುವುದಾದರೆ ಎಲ್ಲಿ? ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

---

ಕಾಳಿತೀರ (ಕಾರವಾರ) · ಏಪ್ರಿಲ್ 2, ರಾತ್ರಿ 10:15

ತಂಗಿ, ನಾವು ಎರಡು ವರ್ಷದ ಹಿಂದೆ ಹೋಗಿದ್ದೆವು. ಮೊದಲು ಒಂದು ಗಂಟು ಬಿಡಿಸುತ್ತೇನೆ. ಪಾರ್ಕಿನ ಒಳಗಿನ ಹೋಟೆಲು ಬೇರೆ, ಪಾರ್ಕಿನ ಹೊರಗೆ ಅವರದೇ ವಸತಿ ಹೋಟೆಲುಗಳಲ್ಲಿ ಇರುವ ರೆಸ್ಟೋರೆಂಟು ಬೇರೆ. ಒಳಗಡೆ ಎಷ್ಟೇ ದುಬಾರಿ ಇರಲಿ, ಬಟ್ಟೆ ಯಾರೂ ನೋಡುವುದಿಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯೊಳಗೆ ಸಿಂಡ್ರೆಲಾಸ್ ರಾಯಲ್ ಟೇಬಲ್ ಅಂತ ಇದೆ. ನಮ್ಮ ಪಕ್ಕದ ಟೇಬಲಿನವನು ಚಡ್ಡಿ, ಬನಿಯನ್ ತರದ್ದು ಹಾಕಿಕೊಂಡು ಕೂತಿದ್ದ.

ನಿಮ್ಮ ತಮ್ಮ ಹಿಡಿದಿರುವುದು ಎರಡನೇ ತರದ್ದು. ಕ್ಯಾಲಿಫೋರ್ನಿಯಾ ಗ್ರಿಲ್ ಇರುವುದು ಕಾಂಟೆಂಪರರಿ ಹೋಟೆಲಿನ 15ನೇ ಮಹಡಿಯಲ್ಲಿ. ಅಲ್ಲಿ ನೀಟಾಗಿ ಬನ್ನಿ ಅನ್ನುತ್ತಾರೆ. ಈಜುವ ಬಟ್ಟೆ, ಹರಿದ ಬಟ್ಟೆ ನಡೆಯುವುದಿಲ್ಲ. ಕೋಟು, ಟೈ ಬೇಕೇ ಬೇಕು ಅಂತ ಇಲ್ಲ. ನಾನು ಹಾಕಿದ್ದು ಅರ್ಧ ತೋಳಿನ ಶರ್ಟ್, ಸಾದಾ ಪ್ಯಾಂಟ್.

ಕೋಟಿನ ಮಟ್ಟಕ್ಕೆ ಹೋಗುವುದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ಅನ್ನುವ ಒಂದು ಕಡೆ. ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲಿನಲ್ಲಿದೆ. 2024ರಲ್ಲಿ ಅದಕ್ಕೆ ಮಿಷೆಲಿನ್ ಸ್ಟಾರ್ (ಒಳ್ಳೊಳ್ಳೆ ರೆಸ್ಟೋರೆಂಟುಗಳಿಗೆ ಕೊಡುವ ದೊಡ್ಡ ಮನ್ನಣೆ) ಬಂತು. ಜೀನ್ಸ್, ಚಡ್ಡಿ, ಸ್ಯಾಂಡಲ್ಸ್, ಸ್ಪೋರ್ಟ್ಸ್ ಶೂ ಒಂದೂ ಆಗುವುದಿಲ್ಲ. 10 ವರ್ಷದ ಒಳಗಿನ ಮಕ್ಕಳನ್ನು ಬಿಡುವುದೂ ಇಲ್ಲ. ನಿಮ್ಮ ಮಗಳಿಗೆ ಒಂಬತ್ತು ಅಲ್ವಾ, ಆ ಚಿಂತೆ ಬಿಟ್ಟುಬಿಡಿ.

ಪಂಚೆಯ ವಿಷಯ ನನಗೆ ಅನುಭವ ಇಲ್ಲ. ಬೇರೆಯವರು ಹೇಳಲಿ.

---

ಮಾವಿನಮಿಡಿ (ಯಲ್ಲಾಪುರ) · ಏಪ್ರಿಲ್ 2, ರಾತ್ರಿ 10:50

ಇದರಲ್ಲಿ ಕೇಳುವುದು ಏನಿದೆ? ಪಂಚೆ ನಮ್ಮ ಉಡುಪು. ಗೋಕರ್ಣದಲ್ಲಿ ಆತ್ಮಲಿಂಗ ಮುಟ್ಟಬೇಕಾದರೆ ಪ್ಯಾಂಟಿನವನಿಗೆ ಪಂಚೆ ಉಟ್ಟು ಬಾ ಅನ್ನುತ್ತಾರೆ. ದೇವರಿಗೆ ಆಗುವ ಬಟ್ಟೆ ಹೋಟೆಲಿನ ಮಾಣಿಗೆ ಆಗುವುದಿಲ್ಲವಾ? ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ.

---

ಕಾಳಿತೀರ (ಕಾರವಾರ) · ಏಪ್ರಿಲ್ 2, ರಾತ್ರಿ 11:02

ಎದ್ದು ಬರುವುದು ಸುಲಭ ಮಾವ, 15ನೇ ಮಹಡಿಯಿಂದ ಇಳಿದು ಐವತ್ತನೇ ವರ್ಷದ ಊಟ ಎಲ್ಲಿ ಮಾಡುವುದು? ಅವರು ಕೇಳಿದ್ದು ಜಗಳ ಮಾಡುವುದು ಹೇಗೆ ಅಂತ ಅಲ್ಲ.

---

ಅಘನಾಶಿನಿ (ಕುಮಟಾ) · ಏಪ್ರಿಲ್ 3, ಬೆಳಗ್ಗೆ 7:20

ಮಾವಿನಮಿಡಿಯವರ ಸಿಟ್ಟಿಗೂ ಕಾರಣ ಇದೆ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟ ಹಾವೇರಿ ಕಡೆಯ ರೈತರೊಬ್ಬರನ್ನು ಬಾಗಿಲಲ್ಲೇ ತಡೆದಿದ್ದರಲ್ಲ. ಮಗ ಅಪ್ಪನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ವಿಧಾನಸಭೆಯಲ್ಲೇ ಗಲಾಟೆಯಾಗಿ ಸರ್ಕಾರ ಆ ಮಾಲನ್ನು 7 ದಿನ ಮುಚ್ಚಿಸುತ್ತೇವೆ ಅಂದಿತು. ತಮಿಳುನಾಡಿನಲ್ಲಂತೂ ಪಂಚೆ ಉಟ್ಟವರನ್ನು ತಡೆಯಬಾರದು ಅಂತ 2014ರಲ್ಲಿ ಕಾನೂನೇ ಬಂತು. ಹೈಕೋರ್ಟ್ ನ್ಯಾಯಮೂರ್ತಿಯನ್ನೇ ವೇಷ್ಟಿ ಉಟ್ಟಿದ್ದಕ್ಕೆ ಕ್ಲಬ್ಬಿನೊಳಗೆ ಬಿಟ್ಟಿರಲಿಲ್ಲ. ಹಾಗಾಗಿ ನಮ್ಮವರ ಮನಸ್ಸಿನಲ್ಲಿ ಇರುವ ಹೆದರಿಕೆ ನಮ್ಮ ಊರಿನದ್ದೇ, ಅಮೆರಿಕದ್ದಲ್ಲ.

---

ಕಂದೂರ_ಪಂಚೆ (ಭಟ್ಕಳ, ಈಗ ದುಬೈ) · ಏಪ್ರಿಲ್ 3, ಬೆಳಗ್ಗೆ 10:05

ನಾನು ಹನ್ನೊಂದು ವರ್ಷದಿಂದ ದುಬೈನಲ್ಲಿದ್ದೇನೆ. ಅಮೆರಿಕ ಗೊತ್ತಿಲ್ಲ. ಇಲ್ಲಿಯ ಅಟ್ಲಾಂಟಿಸ್ ಹೋಟೆಲಿನಲ್ಲಿ ನೀರಿನ ಪಾರ್ಕೂ ಇದೆ, ದೊಡ್ಡ ದೊಡ್ಡ ರೆಸ್ಟೋರೆಂಟೂ ಇವೆ. ಊರಿಂದ ಬಂದವರನ್ನು ಕರೆದುಕೊಂಡು ಹೋಗಿ ಹೋಗಿ ನನಗೆ ಒಂದು ಅಂದಾಜು ಬಂದಿದೆ.

ಇಲ್ಲಿ ಸಂಜೆ ಮೇಲೆ ಗಂಡಸರಿಗೆ ಉದ್ದ ಪ್ಯಾಂಟ್, ಮುಚ್ಚಿದ ಶೂ ಅನ್ನುತ್ತಾರೆ. ಆದರೆ ಇಲ್ಲಿಯವರು ಕಂದೂರ (ಪಾದದವರೆಗಿನ ಅರಬ್ಬರ ನಿಲುವಂಗಿ) ಹಾಕಿಕೊಂಡು ಬಂದರೆ ಎದ್ದು ನಿಂತು ಕರೆಯುತ್ತಾರೆ. ಯಾವ ದೇಶದವನೇ ಆಗಲಿ, ತನ್ನ ಹಬ್ಬದ ಬಟ್ಟೆಯಲ್ಲಿ ಬಂದರೆ ಅದು ಅವನ ಕೋಟು ಅಂತಲೇ ಲೆಕ್ಕ. ನಾನು ನೋಡಿದ ಹಾಗೆ ಬಾಗಿಲಲ್ಲಿ ನಿಲ್ಲಿಸುವುದು ಮೂರೇ ಕಾರಣಕ್ಕೆ: ಚಡ್ಡಿ, ಒದ್ದೆ ಬಟ್ಟೆ, ರಬ್ಬರ್ ಚಪ್ಪಲಿ. ನಮ್ಮ ಚಿಕ್ಕಪ್ಪ ಚಿನ್ನದ ಬಣ್ಣದ ಗುಂಡಿಯ ಶೇರ್ವಾನಿ ಹಾಕಿ ಕಾಲಿಗೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದರು. ನಿಲ್ಲಿಸಿದ್ದು ಚಪ್ಪಲಿ ನೋಡಿ.

ಹಾಗಾಗಿ ಅಕ್ಕ, ಪ್ಯಾಂಟ್ ಹೊಲಿಸುವ ದುಡ್ಡಿನಲ್ಲಿ ಶೂ ಕೊಡಿಸಿ.

---

ಕಾಳಿತೀರ (ಕಾರವಾರ) · ಏಪ್ರಿಲ್ 3, ಮಧ್ಯಾಹ್ನ 1:30

ಚಪ್ಪಲಿ ಅಂದಿದ್ದಕ್ಕೆ ನೆನಪಾಯಿತು. ನಮ್ಮ ಕಾರವಾರದಿಂದ ಗೋವಾ ಗಡಿ ಎಷ್ಟು ದೂರ, ಅಲ್ವಾ. ಅಲ್ಲಿನ ಒಂದು ದೊಡ್ಡ ಹೋಟೆಲಿಗೆ (ಹೆಸರು ಬೇಡ) ಭಾವನ ಹುಟ್ಟುಹಬ್ಬಕ್ಕೆ ಹೋದಾಗ ನನ್ನನ್ನೇ ನಿಲ್ಲಿಸಿದ್ದರು. ಇಸ್ತ್ರಿ ಶರ್ಟು, ಇಸ್ತ್ರಿ ಪ್ಯಾಂಟು, ಕೆಳಗೆ ಚರ್ಮದ ಚಪ್ಪಲಿ. ಕೊಲ್ಹಾಪುರಿ, ಅದೂ ಹೊಸದು. ಕೊನೆಗೆ ಡ್ರೈವರನ ಶೂ ಹಾಕಿಕೊಂಡು ಒಳಗೆ ಹೋದೆ. ಅವನ ಕಾಲು ಎಂಟು, ನನ್ನದು ಹತ್ತು. ಎರಡು ಗಂಟೆ ಬೆರಳು ಮಡಚಿಕೊಂಡು ಏನು ತಿಂದೆ ಅಂತ ಇವತ್ತಿಗೂ ನೆನಪಿಲ್ಲ.

ಡಿಸ್ನಿಯಲ್ಲಿ ನಾನು ಮಾಡಿದ ತಪ್ಪು ಬೇರೆ. ಅನಿಮಲ್ ಕಿಂಗ್‌ಡಮ್ ಪಾರ್ಕಿನಲ್ಲಿ ಒಂದು ನೀರಿನ ಆಟದ ಹೆಸರು ಕಾಳಿ ರಿವರ್ ರ‍್ಯಾಪಿಡ್ಸ್. ಕಾರವಾರದವನು ಕಾಳಿ ಹೆಸರು ನೋಡಿ ಬಿಡುವುದುಂಟಾ? ನಮ್ಮ ನದಿಯಲ್ಲಿ ಬುಟ್ಟಿಯಂಥ ದೋಣಿಯಲ್ಲಿ ಕೂತ ಹಾಗೇ ಇತ್ತು. ಇಳಿಯುವಾಗ ಒಳಚಡ್ಡಿಯವರೆಗೆ ಒದ್ದೆ. ಅವತ್ತು ಸಂಜೆ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಜೀಕೊ ಎಂಬ ರೆಸ್ಟೋರೆಂಟಿನಲ್ಲಿ ಬುಕಿಂಗ್. ಒಣಗುತ್ತದೆ ಅಂದುಕೊಂಡಿದ್ದೆ. ಜೀನ್ಸ್ ಒಣಗುವುದಿಲ್ಲ ಮಾರಾಯ್ರೆ! ಅಲ್ಲಿನ ಹವೆಯೂ ನಮ್ಮ ಕರಾವಳಿಯ ತರವೇ, ಬೆವರು ಆರುವುದಿಲ್ಲ. ಮಧ್ಯಾಹ್ನ ಮೂರು-ನಾಲ್ಕಕ್ಕೆ ಗುಡುಗು ಮಳೆ ಬೇರೆ. ಒಳಗೆ ಏಸಿ ಮಾತ್ರ ಹಿಮದ ಹಾಗೆ. ಹೆಂಡತಿಯ ದುಪಟ್ಟಾ ಸೊಂಟಕ್ಕೆ ಸುತ್ತಿಕೊಂಡು ಸೂಪ್ ಕುಡಿದೆ.

ಹಾಗಾಗಿ ಊಟದ ದಿನ ಮಧ್ಯಾಹ್ನ ರೂಮಿಗೆ ಹೋಗಿ, ಮಿಂದು, ಒಂದು ಗಂಟೆ ಮಲಗಿ ಹೋಗಿ. ದೊಡ್ಡವರಿಗೆ ಹೇಗೂ ಬೇಕು. ರೂಮು ದೂರ ಇದ್ದರೆ ಪಾರ್ಕಿನ ಬಾಗಿಲ ಹತ್ತಿರ ಬಾಡಿಗೆ ಲಾಕರ್ ಸಿಗುತ್ತದೆ, ಬಟ್ಟೆ ಅದರಲ್ಲಿಡಿ. ಮ್ಯಾಜಿಕ್ ಕಿಂಗ್‌ಡಮ್‌ನಿಂದ ಕಾಂಟೆಂಪರರಿಗೆ ನಡೆದರೆ ಹತ್ತು ನಿಮಿಷ ಅಷ್ಟೇ. ಮೋನೋರೈಲಿನಲ್ಲೂ ಹೋಗಬಹುದು, ಅದು ಹೋಟೆಲಿನ ಹೊಟ್ಟೆಯೊಳಗೇ ನುಗ್ಗಿ ನಿಲ್ಲುತ್ತದೆ. ಮಗಳಿಗೆ ತೋರಿಸಿ.

---

ಫಾಲ್ಸ್_ಪಿಕೋ (ಕುಮಟಾ) · ಏಪ್ರಿಲ್ 3, ರಾತ್ರಿ 8:45

ನಾನು ಹೊಲಿಗೆಯವಳು. ಡಿಸ್ನಿ ನೋಡಿಲ್ಲ, ಆದರೆ ಅಲ್ಲಿಗೆ ಹೋಗುವವರಿಗೆ ಬ್ಲೌಸ್ ಹೊಲಿದು ಕೊಟ್ಟಿದ್ದೇನೆ. ಅವರು ಬಂದು ಹೇಳಿದ್ದು ಇದು: ಪಾರ್ಕಿನವರ ನಿಯಮದಲ್ಲೇ ನೆಲಕ್ಕೆ ತಾಗುವ, ಎಳೆದಾಡುವ ಬಟ್ಟೆ ಬೇಡ ಅಂತ ಇದೆ. ಸೀರೆ ಬೇಡ ಅಂತ ಅಲ್ಲ. ಸೀರೆ ನೆಲ ಗುಡಿಸಬಾರದು, ಅಷ್ಟೇ.

ಆಯಿಗೆ ಹೀಗೆ ಮಾಡಿ. ಮೊದಲು ಶೂ ಕೊಳ್ಳಿ, ಆಮೇಲೆ ಸೀರೆ ಅಳೆಯಿರಿ. ಎಲ್ಲರೂ ತಿರುಗಾಮುರುಗಾ ಮಾಡುತ್ತಾರೆ. ಬರಿಗಾಲಲ್ಲಿ ಉಟ್ಟು ನೋಡಿ ಸರಿ ಅಂದುಕೊಂಡು, ಅಲ್ಲಿ ಹೋಗಿ ಶೂ ಹಾಕಿದ ಮೇಲೆ ಎತ್ತರ ತಪ್ಪಿ ಎಳೆದಾಡುತ್ತಾರೆ. ಶೂ ಹಾಕಿ ನಿಂತಾಗ ಅಂಚು ನೆಲದಿಂದ ಮೂರು ಬೆರಳು ಮೇಲಿರಲಿ. ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸುವ ಮೊದಲು ಒಳಗಿಂದ ಒಂದು ಪಿನ್. ಸೆರಗಿಗೆ ಹೆಗಲ ಮೇಲೆ ಒಂದು, ಸೊಂಟದ ಹತ್ತಿರ ಒಂದು. ಪಿನ್ ನೇರ ಬಟ್ಟೆಗೆ ಚುಚ್ಚಬೇಡಿ. ಹಿಂದೆ ಒಂದು ಸಣ್ಣ ಬಟ್ಟೆ ತುಂಡು ಇಟ್ಟು ಚುಚ್ಚಿದರೆ ರೇಷ್ಮೆ ಹರಿಯುವುದಿಲ್ಲ. ಲಂಗಕ್ಕೆ ಲಾಡಿ ಬದಲು ಅಗಲ ಎಲಾಸ್ಟಿಕ್ ಹಾಕಿಸಿ, ಆ ಊರಿನ ಶೌಚಾಲಯದಲ್ಲಿ ಲಾಡಿ ಗಂಟು ಬಿಚ್ಚುತ್ತಾ ನಿಲ್ಲುವುದು ಬೇಡ.

ಯಾವ ಸೀರೆ? ಕಾಟನ್ ಬೇಡ. ಇಲ್ಲಿಂದ ಅಲ್ಲಿಗೆ ಪೆಟ್ಟಿಗೆಯಲ್ಲಿ ಹೋಗುವಷ್ಟರಲ್ಲಿ ಮುದ್ದೆ. ಕಾಂಜೀವರಂ ಭಾರ ಜಾಸ್ತಿ. ಮೈಸೂರು ಸಿಲ್ಕ್ ಇದ್ದರೆ ಅದೇ ಸರಿ. ಕ್ರೇಪ್ ಆದ್ದರಿಂದ ಸುಕ್ಕು ಕಮ್ಮಿ, ಮಡಚಿದರೆ ಅಂಗೈಯಗಲ, ಏಸಿಯಲ್ಲಿ ಬೆಚ್ಚಗೂ ಇರುತ್ತದೆ. ಹಗಲು ಪಾರ್ಕಿಗೆ ಜಾರ್ಜೆಟ್ ಸಾಕು, ಒದ್ದೆಯಾದರೂ ಗಾಳಿಗೆ ಒಣಗುತ್ತದೆ.

ಇನ್ನು ಅಪ್ಪಯ್ಯನ ಪಂಚೆ. ಎಂಟು ಮೊಳದ್ದು ಉಡುತ್ತಾರಾ, ನಾಲ್ಕು ಮೊಳದ್ದಾ? ನಾಲ್ಕು ಮೊಳದ್ದು ಬೇಡ, ನಡೆಯುವಾಗ ಬಿಚ್ಚಿಕೊಳ್ಳುತ್ತದೆ. ಎಂಟು ಮೊಳದ್ದನ್ನು ದುಂಡಾಗಿ ಉಟ್ಟು ಒಳಗೆ ಬಟ್ಟೆ ಬೆಲ್ಟು ಕಟ್ಟಲಿ. ಪಟ್ಟಿ ಒತ್ತಿದರೆ ಅಂಟಿಕೊಳ್ಳುವ ಪಂಚೆಯೂ ಈಗ ಸಿಗುತ್ತದೆ. ಮೇಲೆ ಜುಬ್ಬಾ ಅಥವಾ ಪೂರ್ತಿ ತೋಳಿನ ಬಿಳಿ ಶರ್ಟು. ಒಂದೇ ಒಂದು ಮಾತು ಅವರಿಂದ ತೆಗೆದುಕೊಳ್ಳಿ: ಎತ್ತಿ ಕಟ್ಟುವುದಿಲ್ಲ ಅಂತ. ಪಂಚೆ ಪಾದದವರೆಗೆ ಇದ್ದರೆ ಅದು ಮದುವೆಮನೆ, ಮೊಣಕಾಲಿಗೆ ಬಂದರೆ ತೋಟ.

---

ತೋಟದಮನೆ (ಶಿರಸಿ) · ಏಪ್ರಿಲ್ 3, ರಾತ್ರಿ 9:30

ಅಯ್ಯೋ, ಎತ್ತಿ ಕಟ್ಟುವುದು ಅವರಿಗೆ ಉಸಿರಾಡಿದ ಹಾಗೆ. ಮೆಟ್ಟಿಲು ಕಂಡರೆ ಸಾಕು ಕೈ ಕೆಳಗೆ ಹೋಗುತ್ತದೆ. ಮಗಳಿಗೆ ಹೇಳಿದ್ದೇನೆ, ಅಜ್ಜನನ್ನು ನೋಡಿಕೊಳ್ಳುವುದು ನಿನ್ನ ಕೆಲಸ ಅಂತ.

ಶೂ ಬಗ್ಗೆ ಹೇಳಿ. ಪಂಚೆಗೆ ಶೂ ಅಂದರೆ ನಗುತ್ತಿದ್ದಾರೆ. 'ನಾನೇನು ಬ್ರಿಟಿಷರ ಕಾಲದ ಶಾನುಭೋಗನಾ' ಅಂತ.

---

ಮಾವಿನಮಿಡಿ (ಯಲ್ಲಾಪುರ) · ಏಪ್ರಿಲ್ 3, ರಾತ್ರಿ 9:55

ನನ್ನ ಅಜ್ಜ ಕಚ್ಚೆ ಪಂಚೆ, ಕಪ್ಪು ಕೋಟು, ಕಾಲಿಗೆ ಪಂಪ್ ಶೂ ಹಾಕಿಕೊಂಡೇ ಕಾರವಾರದ ಕೋರ್ಟಿಗೆ ಹೋಗುತ್ತಿದ್ದರು. ಫೋಟೋ ಇದೆ. ನಗುವಂಥದ್ದು ಏನೂ ಇಲ್ಲ. ಲೇಸ್ ಇಲ್ಲದ, ಕಾಲು ತೂರಿಸುವ ಕಪ್ಪು ಶೂ ಕೊಡಿಸಿ. ಪಂಚೆಯ ಕೆಳಗೆ ಅದು ಕಾಣುವುದೇ ಇಲ್ಲ.

(ನಿನ್ನೆ ಸ್ವಲ್ಪ ಜೋರಾಗಿ ಬರೆದೆ. ಐವತ್ತು ವರ್ಷದ ಊಟ ಅನ್ನುವುದು ಗಮನಿಸಿರಲಿಲ್ಲ. ನಿಮ್ಮ ಅಪ್ಪಯ್ಯ-ಆಯಿಗೆ ನನ್ನ ನಮಸ್ಕಾರ ಹೇಳಿ.)

---

ಬಂದರು_ನರ್ಸ್ (ಹೊನ್ನಾವರ) · ಏಪ್ರಿಲ್ 4, ಬೆಳಗ್ಗೆ 6:50

ಶೂ ಕೊಳ್ಳುವುದಾದರೆ ಸಂಜೆ ಹೊತ್ತು ಅಂಗಡಿಗೆ ಕರೆದುಕೊಂಡು ಹೋಗಿ. ವಿಮಾನದಲ್ಲಿ ಅಷ್ಟು ಹೊತ್ತು ಕೂತರೆ, ದಿನವಿಡೀ ನಡೆದರೆ ದೊಡ್ಡವರ ಕಾಲು ಊದುತ್ತದೆ. ಬೆಳಗ್ಗೆ ಸರಿಯಾಗಿದ್ದ ಶೂ ರಾತ್ರಿ ಹಿಡಿಯುತ್ತದೆ. ಹೊಸ ಶೂ ಇವತ್ತೇ ಕೊಂಡು ಹೋಗುವ ತನಕ ದಿನಾ ಅರ್ಧ ಗಂಟೆ ಮನೆಯೊಳಗೆ ಹಾಕಿಸಿ.

---

ಕರಿಇಶಾಡು (ಅಂಕೋಲಾ) · ಏಪ್ರಿಲ್ 4, ಬೆಳಗ್ಗೆ 9:10

ಮೇ ಕೊನೆಗೆ ಅಂಕೋಲೆಯ ಇಶಾಡು ಮಾವು ಹಣ್ಣಾಗುವ ಹೊತ್ತಿಗೆ ಊರು ಬಿಟ್ಟು ಹೋಗುತ್ತೀರಲ್ಲ, ಅದಕ್ಕೇ ನನ್ನ ಆಕ್ಷೇಪ. ಬಟ್ಟೆ ಏನಾದರೂ ಹಾಕಿ.

---

ತೋಟದಮನೆ (ಶಿರಸಿ) · ಏಪ್ರಿಲ್ 4, ರಾತ್ರಿ 8:00

ಹಹ್ಹಾ. ಬಂದ ಮೇಲೆ ಉಳಿದಿದ್ದರೆ ತಿನ್ನೋಣ.

ಇನ್ನೊಂದು ಪ್ರಶ್ನೆ. ದೊಡ್ಡವರು ಪಾರ್ಕಿನಲ್ಲಿ ವೇಷ ಹಾಕಬಾರದು ಅಂತ ನಿಯಮ ಇದೆಯಂತೆ. ಆಯಿಯ ರೇಷ್ಮೆ ಸೀರೆ, ಮೂಗುಬೊಟ್ಟು, ಹೂವು ನೋಡಿ ವೇಷ ಅಂದುಕೊಂಡರೆ? ನಗಬೇಡಿ, ಆಯಿ ನಿಜವಾಗಿ ಕೇಳಿದರು. ಮತ್ತೆ ನಾವು ಸಸ್ಯಾಹಾರಿಗಳು.

---

ಕಾಳಿತೀರ (ಕಾರವಾರ) · ಏಪ್ರಿಲ್ 4, ರಾತ್ರಿ 8:40

ಆ ನಿಯಮ 14 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ. ರಾಜಕುಮಾರಿ, ಮಿಕ್ಕಿ ತರ ಪೂರ್ತಿ ವೇಷ ಕಟ್ಟಿಕೊಂಡು ಬರಬಾರದು ಅಂತ. ಸಣ್ಣ ಮಕ್ಕಳು ಇವರೇ ಪಾರ್ಕಿನವರು ಅಂದುಕೊಂಡು ಹಿಂದೆ ಹೋಗುತ್ತಾರಲ್ಲ. ಸೀರೆಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಮಗಳು ಬೇಕಾದರೆ ಹಗಲು ಪಾರ್ಕಿನಲ್ಲಿ ರಾಜಕುಮಾರಿ ಫ್ರಾಕ್ ಹಾಕಲಿ. ರಾತ್ರಿ ಊಟಕ್ಕೆ ಮಾತ್ರ ಸಾದಾ ಫ್ರಾಕ್, ಮೇಲೊಂದು ಸ್ವೆಟರ್.

ಸಸ್ಯಾಹಾರ ಅಂತ ಬುಕಿಂಗಿನಲ್ಲೇ ಬರೆಸಿ, ಕೂತ ಮೇಲೆ ಇನ್ನೊಮ್ಮೆ ಹೇಳಿ. ಮೀನಿನ ಸಾರು, ಮೊಟ್ಟೆ ಎಲ್ಲ ಬಿಡಿಸಿ ಹೇಳಬೇಕು. ಹೇಳಿದರೆ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಇನ್ನೊಂದು ದಿನ ಮಧ್ಯಾಹ್ನ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಅನ್ನುವಲ್ಲಿಗೆ ಹೋಗಿ. ನಾನ್ ತರದ ರೊಟ್ಟಿಗಳಿಗೆ ಬಗೆಬಗೆಯ ಚಟ್ನಿ, ಉಪ್ಪಿನಕಾಯಿ ಕೊಡುತ್ತಾರೆ. ಕಿಟಕಿಯಾಚೆ ಜಿರಾಫೆ ಮೇಯುತ್ತಿರುತ್ತದೆ. ಅಲ್ಲಿ ಬಟ್ಟೆಯ ರಗಳೆಯೂ ಇಲ್ಲ. ಐದು ದಿನದಲ್ಲಿ ಅಪ್ಪಯ್ಯ ನಿಜವಾಗಿ ಹೊಟ್ಟೆ ತುಂಬ ಉಣ್ಣುವುದು ಅಲ್ಲೇ, ಬರೆದಿಟ್ಟುಕೊಳ್ಳಿ.

---

ಕಂದೂರ_ಪಂಚೆ (ಭಟ್ಕಳ, ಈಗ ದುಬೈ) · ಏಪ್ರಿಲ್ 4, ರಾತ್ರಿ 9:15

ತಮ್ಮನಿಗೆ ಹೇಳಿ ಹೋಟೆಲಿಗೆ ಒಂದು ಫೋನ್ ಮಾಡಿಸಿ. 'ನಮ್ಮ ತಂದೆ ಭಾರತದ ಸಾಂಪ್ರದಾಯಿಕ ಉಡುಪಿನಲ್ಲಿ ಬರುತ್ತಾರೆ' ಅಂತ ಒಂದು ಮಾತು. ಅವರ ಒಪ್ಪಿಗೆಗಿಂತ ಜಾಸ್ತಿ ನಿಮ್ಮ ತಮ್ಮನ ಹೆಂಡತಿಯ ಸಮಾಧಾನಕ್ಕೆ ಅದು ಬೇಕು.

---

ತೋಟದಮನೆ (ಶಿರಸಿ) · ಜೂನ್ 14, ಸಂಜೆ 6:20

ಬಂದೆವು! ಇಲ್ಲಿ ಮಳೆ ಹಿಡಿದಿದೆ, ಕರೆಂಟು ಬಂದು ಹೋಗಿ ಮಾಡುತ್ತಿದೆ, ಅದರ ನಡುವೆ ಬರೆಯುತ್ತಿದ್ದೇನೆ.

ತಮ್ಮ ಫೋನ್ ಮಾಡಿದ್ದ. ಆ ಕಡೆಯವರು 'ಖಂಡಿತ ಬರಲಿ' ಅಂದರಂತೆ. ಅಪ್ಪಯ್ಯ ಕೆಂಪು ಅಂಚಿನ ಪಂಚೆ, ಕೆನೆಬಣ್ಣದ ಜುಬ್ಬಾ, ಹೆಗಲಿಗೆ ಶಲ್ಯ, ಕಾಲಿಗೆ ಯಲ್ಲಾಪುರದ ಮಾವ ಹೇಳಿದ ಕಪ್ಪು ಶೂ. ಎರಡನೇ ಮಹಡಿಯಲ್ಲಿ ಒಂದು ಕೌಂಟರಿನಲ್ಲಿ ಹೆಸರು ಹೇಳಬೇಕು, ಅಲ್ಲಿಂದ ಅವರೇ ಲಿಫ್ಟಿನಲ್ಲಿ ಮೇಲೆ ಕರೆದುಕೊಂಡು ಹೋಗುತ್ತಾರೆ. ಕೌಂಟರಿನ ಹುಡುಗಿ ಅಪ್ಪಯ್ಯನ ಶಲ್ಯದ ಅಂಚು ನೋಡಿ ಕೈಮಗ್ಗದ್ದಾ ಅಂತ ಕೇಳಿದಳು. ತಮ್ಮ ತರ್ಜುಮೆ ಮಾಡಿದ. ಅಪ್ಪಯ್ಯ ಶಲ್ಯ ತೆಗೆದು ಅವಳ ಕೈಗೇ ಕೊಟ್ಟು 'ಮುಟ್ಟಿ ನೋಡು ಮಗಾ' ಅಂದರು. ಹಿಂದೆ ಐದಾರು ಜನ ಸಾಲಿನಲ್ಲಿ ನಿಂತಿದ್ದರು.

ಲಿಫ್ಟಿಗೆ ಹೊರಡುವಾಗ ಕೈ ಪಂಚೆಗೆ ಹೋಯಿತು. ಮಗಳು 'ಅಜ್ಜಾ' ಅಂದಳು. ಬಿಟ್ಟರು.

ಊಟ ಅವರಿಗೆ ಅಷ್ಟಕ್ಕಷ್ಟೆ. ಮೂರು ಸಲ ಬಡಿಸಿದರು, ಒಂದೊಂದರ ನಡುವೆ ಅರ್ಧ ಗಂಟೆ. 'ಪಂಕ್ತಿಯಲ್ಲಾದರೆ ಇಷ್ಟು ಹೊತ್ತಿಗೆ ಎಲೆ ಎತ್ತಿ, ಎರಡನೇ ಪಂಕ್ತಿ ಕೂತಿರುತ್ತಿತ್ತು' ಅಂದರು. ರಾತ್ರಿ ಪಾರ್ಕಿನಲ್ಲಿ ಪಟಾಕಿ ಹಾರಿಸುವ ಹೊತ್ತಿಗೆ ದೀಪ ಸಣ್ಣ ಮಾಡಿ ಒಳಗೇ ಹಾಡು ಹಾಕಿದರು. ನಾವು ಹೊರಗಿನ ಜಗುಲಿಗೆ ಹೋಗಿ ನಿಂತೆವು. ಗಾಳಿ ಬೀಸುತ್ತಿತ್ತು. ಅಪ್ಪಯ್ಯ ಶಲ್ಯವನ್ನು ತಲೆಗೆ ಸುತ್ತಿಕೊಂಡು, ತೋಟದಲ್ಲಿ ಅಡಿಕೆ ಕೊನೆ ಇಳಿಸುವಾಗ ಮೇಲೆ ನೋಡುತ್ತಾರಲ್ಲ, ಹಾಗೇ ಕತ್ತೆತ್ತಿ ನೋಡುತ್ತಾ ನಿಂತಿದ್ದರು. ಆಯಿ ಅವರ ತೋಳು ಹಿಡಿದುಕೊಂಡಿದ್ದರು. ಶೂ ಅಭ್ಯಾಸ ಇಲ್ಲವಲ್ಲ, ಅದಕ್ಕೆ ಅಂತ ಆಮೇಲೆ ಹೇಳಿದರು.

ಕಾಳಿತೀರ ಅಣ್ಣ, ಸನಾ ವಿಷಯ ನೀವು ಹೇಳಿದ ಹಾಗೇ ಆಯಿತು. ಅಪ್ಪಯ್ಯ ಎರಡು ಸಲ ರೊಟ್ಟಿ ಕೇಳಿ ಹಾಕಿಸಿಕೊಂಡರು. ಉಪ್ಪಿನಕಾಯಿ ಮಾತ್ರ 'ನಮ್ಮ ಮಿಡಿಯ ಹತ್ತಿರ ಬರುವುದಿಲ್ಲ' ಅಂತೆ.

ನಮ್ಮನೆಯವರು ಮಾತ್ರ ಸ್ವೆಟರ್ ಬೇಡ ಅಂದು ಊಟ ಮುಗಿಯುವ ತನಕ ನಡುಗುತ್ತಾ ಕೂತಿದ್ದರು. ಅವರ ವಿಷಯ ಜಾಸ್ತಿ ಬರೆಯುವುದಿಲ್ಲ.

---

ಫಾಲ್ಸ್_ಪಿಕೋ (ಕುಮಟಾ) · ಜೂನ್ 14, ರಾತ್ರಿ 8:30

ಓದಿ ತುಂಬಾ ಖುಷಿಯಾಯಿತು. ಆಯಿಯ ಸೀರೆ ನಿಂತಿತಾ? ಪಿನ್ ಎಷ್ಟು ಬೇಕಾಯಿತು?

---

ತೋಟದಮನೆ (ಶಿರಸಿ) · ಜೂನ್ 14, ರಾತ್ರಿ 9:05

ಏಳು. ಒಂದು ಅಲ್ಲೇ ಎಲ್ಲೋ ಬಿದ್ದುಹೋಯಿತು. ಆಯಿ ಇವತ್ತಿಗೂ ಹುಡುಕುತ್ತಿದ್ದಾರೆ.